ನೀರಿನ ಬಾಟಲಿ ತರುವವನು ಗೆದ್ದಾಗ

ಸೈಕಲ್ ರೇಸ್ ಅಂದ್ರೆ ಕಾಲಲ್ಲಿ ಜಾಸ್ತಿ ಶಕ್ತಿ ಇರೋರು ಗೆಲ್ಲೋದು ಅಂತ ಅಂದುಕೊಳ್ತೀವಿ. ಯುರೋಪಿನ ಮೂರು ವಾರದ ದೊಡ್ಡ ರೇಸ್‌ಗಳು ಅಷ್ಟು ಸರಳ ಅಲ್ಲ. ಒಂದು ತಂಡದಲ್ಲಿ ಎಂಟು ಜನ. ಗೆಲ್ಲಬೇಕಾದವನು ಸಾಮಾನ್ಯವಾಗಿ ಒಬ್ಬನೇ. ಉಳಿದವರು ಅವನ ಮುಂದೆ ಗಾಳಿಗೆ ಎದೆಯೊಡ್ಡಿ ಪೆಡಲ್ ತುಳೀತಾರೆ. ಹಿಂದೆ ಅಂಟಿಕೊಂಡು ಬರುವವನಿಗೆ ಗಾಳಿಯ ತಡೆ ಎಷ್ಟೋ ಕಡಿಮೆ. ಹಾಗೆ ಉಳಿಸಿದ ಶಕ್ತಿಯನ್ನು ಅವನು ಕೊನೆಯ ಬೆಟ್ಟದಲ್ಲಿ ಖರ್ಚು ಮಾಡ್ತಾನೆ. ತಂಡದ ಕಾರಿನಿಂದ ನೀರಿನ ಬಾಟಲಿ ತರೋದು, ನಾಯಕನ ಚಕ್ರ ಪಂಕ್ಚರ್ ಆದ್ರೆ ತನ್ನ ಚಕ್ರವನ್ನೇ ಬಿಚ್ಚಿ ಕೊಡೋದು ಕೂಡ ಇವರ ಕೆಲಸವೇ. ಫ್ರೆಂಚ್‌ನಲ್ಲಿ ಇವರನ್ನು ‘ಡೊಮೆಸ್ಟೀಕ್’ ಅಂತಾರೆ. ಅಂದ್ರೆ ಮನೆಯಾಳು.

ಅಮೆರಿಕದ ಸೆಪ್ ಕುಸ್ ಅಂಥವನೊಬ್ಬ. 2023ರಲ್ಲಿ ಯಂಬೊ-ವಿಸ್ಮಾ ತಂಡದ ಪರವಾಗಿ ಇಟಲಿಯ ಜಿರೊದಲ್ಲಿ ರೊಗ್ಲಿಚ್‌ಗೆ, ಟೂರ್ ಡಿ ಫ್ರಾನ್ಸ್‌ನಲ್ಲಿ ವಿಂಗೆಗೋರ್‌ಗೆ ದುಡಿದ. ಇಬ್ಬರೂ ಗೆದ್ದರು. ಸ್ಪೇನಿನ ವುಏಲ್ತಾದಲ್ಲಿ ಮಾತ್ರ ಮುನ್ನಡೆಯ ಕೆಂಪು ಜೆರ್ಸಿ ಕುಸ್‌ನ ಮೈಮೇಲೇ ಬಂತು. 17ನೇ ಹಂತದಲ್ಲಿ, ಅಂಗ್ಲಿರು ಬೆಟ್ಟದ ಕಡಿದಾದ ಏರಿನಲ್ಲಿ ಆ ಇಬ್ಬರೂ ಅವನನ್ನು ಹಿಂದೆ ಬಿಟ್ಟು ಮುಂದೆ ಹೋದರು. ಉಳಿದ ಮುನ್ನಡೆ ಬರೀ 8 ಸೆಕೆಂಡ್. ಆಮೇಲೆ ತಂಡ ಕುಸ್‌ನ ಬೆನ್ನಿಗೆ ನಿಂತಿತು. ಕೊನೆಗೆ ವಿಂಗೆಗೋರ್‌ಗಿಂತ 17 ಸೆಕೆಂಡ್ ಮುಂದಿದ್ದು ಅವನೇ ಗೆದ್ದ. ರೊಗ್ಲಿಚ್ ಮೂರನೆಯವನಾದ.

ಇದು ನನಗೆ ನಾಟಿದ್ದಕ್ಕೆ ಕಾರಣ ನನ್ನ ಕೆಲಸ. ಸಾಫ್ಟ್‌ವೇರ್ ಕಂಪನಿಯಲ್ಲಿ ನಾನಿರೋದು ಸಪೋರ್ಟ್‌ನಲ್ಲಿ. ರಾತ್ರಿ ಎರಡಕ್ಕೆ ಸರ್ವರ್ ಬಿದ್ರೆ ಎದ್ದು ಸರಿ ಮಾಡ್ಬೇಕು. ಬೆಳಿಗ್ಗೆ ಗ್ರಾಹಕರ ಮುಂದೆ ನಿಂತು ಚಪ್ಪಾಳೆ ತಗೊಳ್ಳೋರು ಬೇರೆಯವರು. ಎರಡು ವರ್ಷದಿಂದ ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ‘ಎಲ್ಲ ಸರಿಯಾಗೇ ನಡೀತಿತ್ತಲ್ಲ, ನೀವೇನು ಮಾಡಿದ್ರಿ?’ ಅನ್ನೋದು ಅಲ್ಲಿನ ಪ್ರಶ್ನೆ.

ಗಾಳಿಗೆ ಎದುರಾಗಿ ತುಳಿಯೋದಕ್ಕೆ ನನಗೇನೂ ಬೇಸರ ಇಲ್ಲ. ಆದ್ರೆ ಸೈಕಲ್ ತಂಡದಲ್ಲಿ ಆ ಕೆಲಸಕ್ಕೊಂದು ಹೆಸರಿದೆ. ಅದನ್ನು ಚೆನ್ನಾಗಿ ಮಾಡೋರನ್ನು ಹುಡುಕಿ, ಸಂಬಳ ಕೊಟ್ಟು ಕರೀತಾರೆ. ಗೆದ್ದ ಬಹುಮಾನದ ಹಣವನ್ನು ತಂಡದವರೆಲ್ಲ ಹಂಚಿಕೊಳ್ಳೋದು ಅಲ್ಲಿನ ರೂಢಿ. ನಮ್ಮಲ್ಲಿ ಮಾತ್ರ ಕೆಲಸ ಚೆನ್ನಾಗಿ ಆದಷ್ಟೂ ಅದು ಯಾರ ಕಣ್ಣಿಗೂ ಬೀಳಲ್ಲ.

‘ನೀನು ಬಾಯಿಬಿಟ್ಟು ಹೇಳದಿದ್ರೆ ಅವರಿಗೆ ಹೇಗೆ ಗೊತ್ತಾಗಬೇಕು?’ ಅಂದ್ರು ಅಮ್ಮ. ಈ ಸಲ ಅಪ್ರೈಸಲ್ ಫಾರ್ಮ್‌ನ ಮೊದಲ ಸಾಲಲ್ಲೇ ವರ್ಷದಲ್ಲಿ ಎದ್ದು ಕೂತ ರಾತ್ರಿಗಳ ಲೆಕ್ಕ ಬರೆದೆ: 41. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಮನೆಯಲ್ಲೋ ಆಫೀಸಲ್ಲೋ ಇಂಥವರೊಬ್ಬರು ಇದ್ದೇ ಇರ್ತಾರೆ. ಅವರು ಲೆಕ್ಕ ಬರೆದು ಕೊಡೋವರೆಗೂ ಕಾಯಬೇಡಿ.