ಹತ್ತು ಪೊಟ್ಟಣ ಹಿಟ್ಟು

2005ನೇ ಇಸವಿ. ಬೆಂಗಳೂರಿನ ಒಂದು ಕಿರಾಣಿ ಅಂಗಡಿಯಲ್ಲಿ, ಅಂಗಡಿ ನೋಡಿಕೊಳ್ಳುವ ನಾಸರ್ ಪಕ್ಕದಲ್ಲಿ, ಗಲ್ಲಾದ ಹಿಂದೆ ನಿಂತಿದ್ದೀರಿ. ಹುಳಿ ವಾಸನೆ ಮೂಗಿಗೆ ಅಡರುತ್ತಿದೆ. ಎದುರಿನ ಹೆಂಗಸು ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿ ನೋಡುತ್ತಾರೆ. ಒಳಗೆ ದೋಸೆ ಹಿಟ್ಟು, ಬಾಯಿಗೆ ಬರೀ ರಬ್ಬರ್ ಬ್ಯಾಂಡು. ತಳದಿಂದ ಜಿನುಗಿದ ಹನಿ ನಿಮ್ಮ ಮುಂಗೈ ಮೇಲೆ ತಣ್ಣಗೆ ಇಳಿಯುತ್ತದೆ. ಯಾವ ನೀರಲ್ಲಿ ರುಬ್ಬಿದ್ದಾರೋ ಎಂದು ಗೊಣಗುತ್ತಲೇ ಅವರು ದುಡ್ಡು ಎಣಿಸಿಕೊಡುತ್ತಾರೆ. ಬೈದುಕೊಂಡೇ ಕೊಳ್ಳುತ್ತಾರೆ!

ನಿಮ್ಮ ಎದೆ ಹೊಡೆದುಕೊಳ್ಳುವುದು ಅಲ್ಲಿ: ಇದೇ ಹಿಟ್ಟನ್ನು ಶುಚಿಯಾಗಿ ಮಾಡಿ ಮಾರಿದರೆ? ಊರೆಲ್ಲ ಸಾಫ್ಟ್‌ವೇರ್ ಜಪಿಸುತ್ತಿರುವಾಗ ಹಿಟ್ಟು ರುಬ್ಬುತ್ತೇನೆಂದು ಮನೆಯಲ್ಲಿ ಹೇಗೆ ಹೇಳುವುದು? ಆದರೆ ನಾಸರ್ ಅವರ ಸೋದರಸಂಬಂಧಿ ಪಿ.ಸಿ. ಮುಸ್ತಫಾ ನಗುವುದಿಲ್ಲ. ವಯನಾಡಿನ ಕೂಲಿಕಾರರ ಮಗ, ಎಂಜಿನಿಯರ್, ದುಬೈನ ಬ್ಯಾಂಕ್ ಕೆಲಸ ಬಿಟ್ಟು ಬಂದವರು. ಸ್ವಲ್ಪ ಹಣ ಹಾಕುತ್ತಾರೆ, ಒಂದು ಷರತ್ತಿನೊಂದಿಗೆ: ಆರು ತಿಂಗಳಲ್ಲಿ ದಿನಕ್ಕೆ 100 ಪೊಟ್ಟಣ ಮಾರಿ ತೋರಿಸಿ, ಮುಂದಿನದು ಆಮೇಲೆ.

ತಿಪ್ಪಸಂದ್ರದಲ್ಲಿ 50 ಚದರಡಿಯ ಅಡುಗೆಕೋಣೆ. ಕೈ ಚಾಚಿದರೆ ಎರಡೂ ಗೋಡೆ ತಾಗೀತು. ಗ್ರೈಂಡರಿನ ಕಲ್ಲು ಗರ್ರೆಂದು ತಿರುಗುವ ಸದ್ದು ಹಲ್ಲಿನೊಳಗೇ ನಡುಗುತ್ತದೆ. ಮೊಣಕೈವರೆಗೂ ಉದ್ದಿನ ನೊರೆ. ಸೀಲಿಂಗ್ ಯಂತ್ರದಿಂದ ಬಿಸಿ ಪ್ಲಾಸ್ಟಿಕ್ಕಿನ ಕಮಟು. ಎಷ್ಟು ರುಬ್ಬಬೇಕು? ಹೆಚ್ಚು ರುಬ್ಬಿದರೆ ಉಳಿದದ್ದು ನಾಳೆಗೆ ಹುಳಿ, ಕಡಿಮೆಯಾದರೆ ಅಂಗಡಿಯವ ಮರೆಯುತ್ತಾನೆ. ಹತ್ತು ಪೊಟ್ಟಣ ಎಂದು ನಿರ್ಧರಿಸುತ್ತೀರಿ. ಹತ್ತೂ ಹಾಳಾದರೆ ಹತ್ತೇ ಹಾಳು, ಮನೆ ಮುಳುಗುವುದಿಲ್ಲ. ಈ ಸಣ್ಣ ಲೆಕ್ಕವನ್ನು ನಾನು ಆ ಇಡೀ ಸಾಹಸದ ಅತ್ಯಂತ ಧೈರ್ಯದ ನಿರ್ಧಾರ ಎನ್ನುತ್ತೇನೆ.

ಹಳೆಯ ಸ್ಕೂಟರ್ ಕೆಮ್ಮುತ್ತಾ ಹೊರಡುತ್ತದೆ. ಬಿಸಿಲು ಏರುತ್ತಿದೆ. ಬಿಸಿಲೇರಿದಷ್ಟೂ ಹಿಟ್ಟು ಬೇಗ ಹುದುಗುತ್ತದೆ, ಒಳಗೆ ಗಾಳಿ ತುಂಬುತ್ತದೆ, ಪೊಟ್ಟಣ ಉಬ್ಬುತ್ತದೆ. ಮುಟ್ಟಿ ನೋಡುತ್ತೀರಿ. ಬಿಗಿಯಾಗಿದೆ. ಸಿಗ್ನಲ್ಲಿನಲ್ಲಿ ಕೆಂಪು. ಇನ್ನೂ ಕೆಂಪು. ಮೊದಲ ಅಂಗಡಿಯವ ಕತ್ತೆತ್ತದೆ ಬೇಡ ಎನ್ನುತ್ತಾನೆ. ಬಾಯಿ ಒಣಗುತ್ತದೆ. ಮಾರಿದರೆ ಮಾತ್ರ ದುಡ್ಡು ಕೊಡಿ ಎನ್ನುತ್ತೀರಿ. ಅವನು ಫ್ರಿಜ್ಜಿನ ಮೂಲೆ ತೋರಿಸುತ್ತಾನೆ.

ಮರುದಿನ ಕೆಲವು ಪೊಟ್ಟಣ ಹಾಗೇ ವಾಪಸು ಬರುತ್ತವೆ. ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಗುತ್ತದೆ. ಆದರೂ ಅಕ್ಕಿ ನೆನೆಹಾಕುತ್ತೀರಿ.

ಐಡಿ ಫ್ರೆಶ್ ಹೆಸರಿನ ಆ ಉದ್ಯಮ ದಿನಕ್ಕೆ 100 ಪೊಟ್ಟಣ ಮುಟ್ಟಲು ಹಿಡಿದದ್ದು ಆರಲ್ಲ, ಒಂಬತ್ತು ತಿಂಗಳು. 50 ಚದರಡಿಯ ಜಾಗಕ್ಕೆ ಅಷ್ಟು ದಿನ ತಾಳುವ ಶಕ್ತಿ ಇತ್ತು. 500 ಚದರಡಿ ಹಿಡಿದು ಕೂತಿದ್ದರೆ ಇರುತ್ತಿರಲಿಲ್ಲ ಎಂಬುದು ನನ್ನ ಖಚಿತ ನಂಬಿಕೆ.