ಹೊಸ್ತಿಲಿಲ್ಲದ ಕೋಣೆ

ಪೆದ್ದಕಡುಬೂರಿಗೆ ಸಮುದ್ರ ದೂರ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ನೂರಾರು ಕಿಲೋಮೀಟರು. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಈ ಮಂಡಲ ಕೇಂದ್ರದವರಿಗೆ ದೊಡ್ಡ ನೀರೆಂದರೆ ಮಂತ್ರಾಲಯದ ಬಳಿ ಹರಿಯುವ ತುಂಗಭದ್ರೆ; ನೀರಿನ ವಾಹನವೆಂದರೆ ಹರಿಗೋಲು. ಊರಿನ ಹೆಸರಿನ ಮುಂದಿರುವ ‘ಪೆದ್ದ’ ತೆಲುಗಿನದು. ಮನೆಯೊಳಗಿನ ಮಾತು ಹಲವರಿಗೆ ಕನ್ನಡದ್ದು. ಈ ಸೀಮೆಯ ಆದವಾನಿ ತಾಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆಲೂರು, ರಾಯದುರ್ಗಗಳೊಡನೆ ಅದು ಅತ್ತ ಸೇರಿತು.

ಮಳೆಯನ್ನೇ ನಂಬಿದ ಈ ನೆಲದವರಿಗೆ ಪ್ರಯಾಣವೆಂದರೆ ಬಹುಕಾಲದಿಂದ ದುಡಿಮೆಯ ವಲಸೆ, ಇಲ್ಲವೇ ತೀರ್ಥಯಾತ್ರೆ. ಎರಡಕ್ಕೂ ಮನೆಮಂದಿ ಹೊರಟಾಗ ಮನೆ ಕಾಯಲು ಉಳಿಯುವವರು ಯಾರೆಂಬುದು ಎಲ್ಲರಿಗೂ ಗೊತ್ತು: ಅಜ್ಜ, ಅಜ್ಜಿ ಮತ್ತು ನಡೆಯಲಾರದ ಮಗು. ‘ನಿನ್ನ ಕೈಲಿ ಆಗದು, ನೀನಿರು’ ಎಂಬ ಮಾತು ಅಕ್ಕರೆಯಿಂದಲೇ ಬರುತ್ತದೆ. ಆದರೆ ಆಗದಿರುವುದು ಕಾಲಿನಿಂದಲೋ, ದಾರಿಯಲ್ಲಿ ಕಟ್ಟಿಟ್ಟ ಮೆಟ್ಟಿಲಿನಿಂದಲೋ ಎಂದು ಯಾರೂ ಅಳೆದು ನೋಡುವುದಿಲ್ಲ. ಅಳೆಯಲು ಒಂದು ಯಾತ್ರೆಯನ್ನು ಆರಿಸಿಕೊಳ್ಳುವುದಾದರೆ ಅದು ಕಷ್ಟದ್ದೇ ಆಗಲಿ. ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬರು ಪೆದ್ದಕಡುಬೂರಿನಿಂದ ಹೊರಟು, ಮುಂಬಯಿಯಲ್ಲಿ ಹಡಗು ಹತ್ತಿ, ಅದರ ಕೋಣೆಯಲ್ಲಿ ಎರಡು ರಾತ್ರಿ ತಂಗಬೇಕೆಂದಿಟ್ಟುಕೊಳ್ಳೋಣ.

ನಕಾಶೆಯಲ್ಲಿ ಈ ದಾರಿ ತೋರುವುದಕ್ಕಿಂತ ಸರಳ. ಮದರಾಸು ಮತ್ತು ಬೊಂಬಾಯಿ ಕಡೆಗಳಿಂದ ಬಂದ ರೈಲುಹಾದಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆದವಾನಿ ಆ ಹಾದಿಯ ಮೇಲಿದೆ. ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಆದವಾನಿ, ಮಂತ್ರಾಲಯಂ ರೋಡ್, ರಾಯಚೂರು, ಕಲಬುರಗಿ, ಸೊಲ್ಲಾಪುರಗಳನ್ನು ದಾಟಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ತಲಪುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಲ್ಲಾರ್ಡ್ ಪಿಯರ್. ಪ್ರವಾಸಿ ಹಡಗುಗಳ ಹೊಸ ನಿಲ್ದಾಣ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದದ್ದು ಅಲ್ಲಿಯೇ. ಆದವಾನಿಯಲ್ಲಿ ಹತ್ತಿದ ಒಂದೇ ರೈಲು ಪ್ರಯಾಣಿಕರನ್ನು ಬಂದರಿನ ಸಮೀಪಕ್ಕೆ ಮುಟ್ಟಿಸುತ್ತದೆ.

ಆದರೆ ಗಾಲಿಗೆ ನಕಾಶೆ ಬೇರೆ. ಊರಿನ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಅಲ್ಲಿ ಇಬ್ಬರು ಎತ್ತಿ ಕೂರಿಸಬೇಕು. ರೈಲುಬೋಗಿಯ ನೆಲ ಪ್ಲಾಟ್‌ಫಾರಂಗಿಂತ ಎತ್ತರ. ಅಲ್ಲಿಯೂ ಎತ್ತಬೇಕು, ಇಲ್ಲವೇ ಹಲಗೆಯ ಇಳಿಜಾರು ಬೇಕು. ಅನೇಕ ರೈಲುಗಳಲ್ಲಿ ಗಾರ್ಡಿನ ಬೋಗಿಗೆ ಸೇರಿದಂತೆ ವಿಕಲಚೇತನರಿಗಾಗಿ ಅಗಲವಾದ ಬಾಗಿಲು, ದೊಡ್ಡ ಶೌಚಾಲಯವಿರುವ ಭಾಗವಿದೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ಸ್ಲೀಪರ್ ಮತ್ತು ಮೂರನೆಯ ಹಂತದ ಹವಾನಿಯಂತ್ರಿತ ಬೋಗಿಗಳ ದರದಲ್ಲಿ ಶೇ. 75, ಮೊದಲ ಮತ್ತು ಎರಡನೆಯ ಹಂತದ ಹವಾನಿಯಂತ್ರಿತ ಬೋಗಿಗಳಲ್ಲಿ ಶೇ. 50 ರಿಯಾಯಿತಿಯಿದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ ದೊರೆಯುತ್ತದೆ. ಇದಕ್ಕೆ ರೈಲ್ವೆಯ ಗುರುತಿನ ಚೀಟಿ ಮಾಡಿಸಿಕೊಂಡಿರಬೇಕು.

ಮುಂಬಯಿಯ ಹಡಗುಕಟ್ಟೆಯಲ್ಲಿ ನಿಂತರೆ ಎದುರಿಗಿರುವುದು ಹತ್ತು ಹನ್ನೊಂದು ಅಂತಸ್ತಿನ ಊರು. 2021ರ ಸೆಪ್ಟೆಂಬರಿನಿಂದ ಇಲ್ಲಿಂದ ಯಾನ ಆರಂಭಿಸಿದ ‘ಎಂಪ್ರೆಸ್’ 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಹಡಗು. ಲಿಫ್ಟುಗಳಿರುವುದರಿಂದ ಅಂತಸ್ತುಗಳು ಇಂಥ ಹಡಗಿನಲ್ಲಿ ದೊಡ್ಡ ತೊಡಕಲ್ಲ. ತೊಡಕು ಕೋಣೆಯ ಬಾಗಿಲಲ್ಲಿ. ಸಾಧಾರಣ ಕೋಣೆಯ ಬಾಗಿಲು ಗಾಲಿಕುರ್ಚಿಗಿಂತ ಕಿರಿದು. ಒಳಗೆ ಮಂಚದ ಪಕ್ಕ ಒಬ್ಬರು ಓರೆಯಾಗಿ ನಡೆಯುವಷ್ಟೇ ಜಾಗ. ಸ್ನಾನದ ಮನೆಯ ಮುಂದೆ ಎತ್ತರದ ಹೊಸ್ತಿಲು. ಹಡಗು ಓಲಾಡುವಾಗ ಸ್ನಾನದ ನೀರು ಕೋಣೆಗೆ ಹರಿಯದಿರಲೆಂದು ಕಟ್ಟಿದ ಹೊಸ್ತಿಲು ಅದು. ಉದ್ದೇಶ ಒಳ್ಳೆಯದೇ. ಆದರೆ ಅದರ ಮುಂದೆ ಗಾಲಿ ನಿಲ್ಲುತ್ತದೆ. ಲಕ್ಷಗಟ್ಟಲೆ ಹಣ ಕೊಟ್ಟು ಬಂದವರು ತಮ್ಮ ಕೋಣೆಯ ಶೌಚಾಲಯಕ್ಕೆ ಇನ್ನೊಬ್ಬರ ತೋಳಿನಲ್ಲಿ ಹೋಗಬೇಕಾಗುತ್ತದೆ.

ಇದಕ್ಕಾಗಿಯೇ ಹಡಗುಗಳಲ್ಲಿ ಕೆಲವು ‘ಸುಗಮ್ಯ’ ಕೋಣೆಗಳನ್ನು ಮೀಸಲಿಡುತ್ತಾರೆ. ಅಲ್ಲಿ ಬಾಗಿಲಿನ ಅಗಲ ಸುಮಾರು 80 ಸೆಂಟಿಮೀಟರಿಗಿಂತ ಹೆಚ್ಚು. ಕುರ್ಚಿ ಒಂದು ಸುತ್ತು ತಿರುಗಲು ಒಂದೂವರೆ ಮೀಟರು ಬಯಲು. ಸ್ನಾನದ ಮನೆಗೆ ಹೊಸ್ತಿಲಿಲ್ಲ, ಇದ್ದರೆ ಸಣ್ಣ ಇಳಿಜಾರು. ನೀರು ಬೀಳುವಲ್ಲಿ ಗೋಡೆಗೆ ಮಡಚುವ ಆಸನ, ಕೈಗೆ ಸಿಗುವ ಎತ್ತರದಲ್ಲಿ ನಲ್ಲಿ. ಕಮೋಡಿನ ಪಕ್ಕ ಹಿಡಿಕಂಬಿ. ಬಟ್ಟೆ ತೂಗುಹಾಕುವ ಕೋಲು ಕುಳಿತವರ ಕೈಯಳತೆಗೆ. ಹಾಸಿಗೆಯ ಬಳಿಯೂ ಸ್ನಾನದ ಮನೆಯಲ್ಲೂ ಸಹಾಯ ಕೇಳುವ ಗುಂಡಿ. ಕಿವಿ ಕೇಳದವರಿಗೆ ಬಾಗಿಲು ತಟ್ಟಿದಾಗ ಬೆಳಗುವ ದೀಪ, ದಿಂಬಿನ ಕೆಳಗೆ ಅದುರುವ ಎಚ್ಚರಿಕೆ. ಇದರಲ್ಲಿ ವೈಭವವೇನೂ ಇಲ್ಲ. ಇಲ್ಲಿರುವುದು, ಬೆಳಗ್ಗೆ ಎದ್ದು ಯಾರನ್ನೂ ಕೂಗದೆ ಮುಖ ತೊಳೆದುಕೊಳ್ಳುವ ಅವಕಾಶ.

ಇಂಥ ಕೋಣೆಗಳು ಪ್ರತಿ ಹಡಗಿನಲ್ಲಿಯೂ ಬೆರಳೆಣಿಕೆಯಷ್ಟು. ಹಳೆಯ ಹಡಗುಗಳಲ್ಲಿ ಇನ್ನೂ ಕಡಿಮೆ. ವಿಶಾಲವಾಗಿವೆಯೆಂದು ಅಗತ್ಯವಿಲ್ಲದವರೂ ಅವನ್ನು ಹಿಡಿದುಬಿಡುವುದುಂಟು. ಆದ್ದರಿಂದ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು, ಕೇಳಬೇಕಾದುದನ್ನು ಬರಹದಲ್ಲಿ ಕೇಳಬೇಕು. ಬಾಗಿಲಿನ ಅಗಲವೆಷ್ಟು? ಸ್ನಾನದ ಮನೆಯ ಹೊಸ್ತಿಲೆಷ್ಟು ಎತ್ತರ? ಬಾಲ್ಕನಿಗೆ ಹೋಗಲು ಮೆಟ್ಟಿಲಿದೆಯೇ? ಅಪಾಯದ ವೇಳೆ ಲಿಫ್ಟು ಬಳಸಬಾರದು. ಆಗ ಯಾರು, ಹೇಗೆ ಕೆಳಗಿಳಿಸುತ್ತಾರೆ? ದಡದಲ್ಲಿ ಹಡಗು ಕಟ್ಟೆಗೇ ತಾಗಿ ನಿಲ್ಲುವುದೋ, ಸಣ್ಣ ದೋಣಿಗೆ ಇಳಿಯಬೇಕೋ? ಈ ಕೊನೆಯ ಪ್ರಶ್ನೆ ಮುಖ್ಯ. ಲಕ್ಷದ್ವೀಪದ ಅನೇಕ ದ್ವೀಪಗಳಲ್ಲಿ ಹಡಗು ದೂರದ ಆಳದಲ್ಲಿ ನಿಲ್ಲುತ್ತದೆ; ಪ್ರಯಾಣಿಕರು ಅಲೆಗಳ ಮೇಲೆ ಏರಿಳಿಯುವ ದೋಣಿಗೆ ದಾಟಿಕೊಳ್ಳಬೇಕು. ಗಾಲಿಕುರ್ಚಿಯವರು ದ್ವೀಪವನ್ನು ಕಣ್ಣೆದುರಿಗಿಟ್ಟುಕೊಂಡೇ ಹಡಗಿನಲ್ಲಿ ಉಳಿಯಬೇಕಾಗಬಹುದು.

ಸಮುದ್ರವೇ ಬೇಕೆಂದಿಲ್ಲದವರಿಗೆ ಕರ್ನಾಟಕದಲ್ಲಿ ನೆಲದ ಮೇಲಿನ ಹಡಗೊಂದಿದೆ. 2008ರಲ್ಲಿ ಓಡಾಟ ಆರಂಭಿಸಿದ, ಹಂಪೆಯ ಕಲ್ಲಿನ ರಥವನ್ನು ನೆನಪಿಸುವ ಹೆಸರಿನ ‘ಗೋಲ್ಡನ್ ಚಾರಿಯಟ್’ ರೈಲು. ಅದರ ಬೋಗಿಗಳಿಗೆ ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರು. ನಲವತ್ತಕ್ಕೂ ಹೆಚ್ಚು ಕೋಣೆಗಳೊಡನೆ ಹೊರಟ ಆ ರೈಲಿನಲ್ಲಿ ಅಂಗವಿಕಲರಿಗಾಗಿ ರೂಪಿಸಿದ ಕೋಣೆ ಒಂದು. ಒಂದಾದರೂ ಇದೆ ಎನ್ನಬಹುದು. ಒಂದೇ ಇದೆ ಎಂದೂ ಎನ್ನಬಹುದು.

ಈ ಎರಡು ಮಾತುಗಳ ನಡುವಿನ ಅಂತರವೇ ಕಾನೂನಿನ ಕ್ಷೇತ್ರ. ಅಮೆರಿಕದಲ್ಲಿ ಗಾಲಿಕುರ್ಚಿಯ ಪ್ರಯಾಣಿಕರು ಹಡಗು ಸಂಸ್ಥೆಯೊಂದರ ಮೇಲೆ ದಾವೆ ಹೂಡಿದಾಗ, ಹಡಗಿನ ಮೇಲಿರುವುದು ಬಹಾಮಾದ ಧ್ವಜ, ಆದ್ದರಿಂದ ಅಮೆರಿಕದ ಅಂಗವಿಕಲರ ಕಾಯಿದೆ ತನಗೆ ತಾಗದು ಎಂದು ಸಂಸ್ಥೆ ವಾದಿಸಿತು. ‘ಸ್ಪೆಕ್ಟರ್ ವಿರುದ್ಧ ನಾರ್ವೇಜಿಯನ್ ಕ್ರೂಸ್ ಲೈನ್’ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2005ರ ಜೂನ್ 6ರಂದು ಆ ವಾದವನ್ನು ಒಪ್ಪಲಿಲ್ಲ. ದೇಶದ ನೀರಿಗೆ ಬಂದ ವಿದೇಶೀ ಹಡಗಿಗೂ ಕಾಯಿದೆ ಅನ್ವಯಿಸುತ್ತದೆ, ಹಡಗಿನ ಸುರಕ್ಷತೆಗೆ ಧಕ್ಕೆ ತರುವ ಮಾರ್ಪಾಡನ್ನು ಮಾತ್ರ ಅದು ಕೇಳುವುದಿಲ್ಲ ಎಂಬುದು ತೀರ್ಪಿನ ಸಾರ.

ಭಾರತದಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ಹೊಸದು 21 ಬಗೆಗಳನ್ನು ಗುರುತಿಸುತ್ತದೆ. ಅದರ 41ನೆಯ ಕಲಮು ಸಾರಿಗೆ ಸಾಧನಗಳು ಸುಗಮ್ಯವಾಗಿರಬೇಕೆನ್ನುತ್ತದೆ. 45ನೆಯ ಕಲಮು ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸರಿಪಡಿಸಬೇಕೆನ್ನುತ್ತದೆ. ನಿಯಮಗಳು ಬಂದದ್ದು 2017ರ ಜೂನಿನಲ್ಲಿ. ಗಡುವು ಮುಗಿದು ವರ್ಷಗಳಾದವು. ರಾಜೀವ್ ರತೂರಿ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಲಾಗದು, ಕಡ್ಡಾಯವಾದ ನಿಯಮಗಳು ಬೇಕೆಂದು ಹೇಳಿತು.

ಹಡಗಿನ ಕೋಣೆಗೆ ಹೋಗಬಲ್ಲ ಕುಟುಂಬಗಳು ಈ ಸೀಮೆಯಲ್ಲಿ ಕೆಲವೇ. ಆದರೆ ಅದರ ಅಳತೆಗಳು ಎಲ್ಲರವೂ ಹೌದು. ಬಾಗಿಲು 90 ಸೆಂಟಿಮೀಟರು, ತಿರುಗಲು ಒಂದೂವರೆ ಮೀಟರು, ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು: ಭಾರತದ ಮಾನದಂಡಗಳಲ್ಲಿರುವ ಈ ಸಂಖ್ಯೆಗಳು ಪಂಚಾಯತಿ ಕಚೇರಿಗೂ ಆಸ್ಪತ್ರೆಗೂ ಕನ್ನಡ ಮಾಧ್ಯಮದ ಶಾಲೆಗೂ ಒಂದೇ. ಶಾಲೆಯ ಕಟ್ಟಡ ಮತ್ತು ಆವರಣ ಸುಗಮ್ಯವಾಗಿರಬೇಕೆಂದು ಕಾಯಿದೆಯ 16ನೆಯ ಕಲಮು ಹೇಳುತ್ತದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 31ನೆಯ ಕಲಮು ಕೊಡುತ್ತದೆ. ಶೌಚಾಲಯದ ಬಾಗಿಲಲ್ಲಿ ಗಾಲಿ ನಿಂತರೆ ಆ ಹಕ್ಕೂ ಅಲ್ಲಿಯೇ ನಿಲ್ಲುತ್ತದೆ. ಮಧ್ಯಾಹ್ನದವರೆಗೆ ನೀರು ಕುಡಿಯದೆ ಕುಳಿತಿರುವ ಮಗು ಪಾಠ ಕೇಳುವುದಾದರೂ ಹೇಗೆ?

ಅರಿಶಿನ ಕುಂಕುಮವಿಟ್ಟ ಮನೆಯ ಹೊಸ್ತಿಲನ್ನು ಕೀಳಬೇಕೆಂದು ಯಾರೂ ಹೇಳುವುದಿಲ್ಲ. ಎರಡೂ ಬದಿಗೆ ತೆಗೆದಿಡಬಹುದಾದ ಹಲಗೆಯ ಇಳಿಜಾರು ಸಾಕು. ಊರಿನ ಬಡಗಿ ಅದನ್ನು ಒಂದು ದಿನದಲ್ಲಿ ಮಾಡಿಕೊಟ್ಟಾನು. ಶಾಲೆಗಾದರೆ ದಾರಿ ಬೇರೆ. ಪೋಷಕರು ಟೇಪು ಹಿಡಿದು ಬಾಗಿಲು, ಮೆಟ್ಟಿಲು, ಶೌಚಾಲಯಗಳನ್ನು ಅಳೆದು, ಅಳತೆಗಳನ್ನು ಬರೆದು, ಮುಖ್ಯೋಪಾಧ್ಯಾಯರ ಮೂಲಕ ಮಂಡಲ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಅರ್ಜಿ ಕನ್ನಡದಲ್ಲಿದ್ದರೆ ತೆಲುಗಿನ ಪ್ರತಿಯೊಂದನ್ನು ಲಗತ್ತಿಸಿದರೆ ಕೆಲಸ ಸುಲಭ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿ ಮನೆಯಲ್ಲಿರಲಿ. ಉತ್ತರ ಬಾರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಲು ಅದೇ ಕಾಯಿದೆಯಲ್ಲಿ ಅವಕಾಶವಿದೆ. ಆ ಮುದ್ರೆಯಿರುವ ಪ್ರತಿಯನ್ನೇ ಅಲ್ಲಿಗೂ ಕಳುಹಿಸಬೇಕು.