ಅಪ್ಪನ ಪರದೇಶ, ಮಗನ ಊರು

ಮೋಶೆ ಎಂದೊಡನೆ ನೆನಪಾಗುವುದು ಉರಿಯುವ ಪೊದೆ, ಇಬ್ಭಾಗವಾದ ಸಮುದ್ರ, ಕಲ್ಲಿನ ಹಲಗೆಗಳು. ಅವನಿಗೆ ಇಬ್ಬರು ಗಂಡುಮಕ್ಕಳಿದ್ದರು ಎಂಬುದು ಬೈಬಲ್ ಬಲ್ಲವರಿಗೂ ಥಟ್ಟನೆ ಹೊಳೆಯುವುದಿಲ್ಲ. ಹಿರಿಯವನು ಗೇರ್ಷೋಮ್, ಕಿರಿಯವನು ಎಲೀಯೆಜರ್. ಇಡೀ ಬೈಬಲಿನಲ್ಲಿ ಗೇರ್ಷೋಮನ ಬಾಯಿಂದ ಒಂದು ಮಾತೂ ಇಲ್ಲ.

ಅವನ ಬಗ್ಗೆ ಇರುವ ದೊಡ್ಡ ಸುಳಿವೆಂದರೆ ಅವನ ಹೆಸರು. ಈಜಿಪ್ಟಿನಲ್ಲಿ ಒಬ್ಬನನ್ನು ಕೊಂದು ಓಡಿಬಂದ ಮೋಶೆ, ಮಿದ್ಯಾನಿನ ಯಾಜಕ ಇತ್ರೋನನ ಮಗಳು ಚಿಪ್ಪೋರಳನ್ನು ಮದುವೆಯಾದ. ಚೊಚ್ಚಲ ಮಗ ಹುಟ್ಟಿದಾಗ, ತಾನು ಅನ್ಯದೇಶದಲ್ಲಿ ಪರದೇಶಿಯಾದೆನೆಂದು ಹೇಳಿ ಈ ಹೆಸರಿಟ್ಟ. ಹೀಬ್ರೂವಿನಲ್ಲಿ ‘ಗೇರ್’ ಎಂದರೆ ಪರದೇಶಿ. ಕನ್ನಡದ ಆಡುಮಾತಿನಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನೂ ಹೌದು. ಆದರೆ ಆ ಕೂಸಿಗೆ ಮಿದ್ಯಾನ್ ಪರದೇಶವಾಗಿರಲಿಲ್ಲ. ಅದು ಅವನ ತಾಯಿಯ ನೆಲ, ತಾತನ ಮನೆ. ಪರದೇಶವೆಂಬುದು ಅಪ್ಪನ ನೋವು. ಅದು ಮಗನ ಹೆಸರಾಯಿತು. ಪುಣೆಯಲ್ಲೋ ಚೆನ್ನೈಯಲ್ಲೋ ಹುಟ್ಟಿದ ಮಗುವಿಗೆ ತಾವು ಬಿಟ್ಟುಬಂದ ಊರನ್ನೇ ‘ನಮ್ಮೂರು’ ಎಂದು ತೋರಿಸುವ ಅಪ್ಪ ಅಮ್ಮಂದಿರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ನಂಬಿಕೆಯೂ ಹೀಗೆಯೇ ಬಂತು. ಪೊದೆ ಉರಿದದ್ದನ್ನು ಕಂಡವನು ಮೋಶೆ ಒಬ್ಬನೇ. ಈಜಿಪ್ಟಿಗೆ ಹೋಗುವ ದಾರಿಯಲ್ಲಿ, ಗಂಡ ಸಾವಿನ ಅಂಚಿನಲ್ಲಿದ್ದಾಗ, ಚಿಪ್ಪೋರ ಚೂಪುಗಲ್ಲಿನಿಂದ ಮಗನಿಗೆ ಸುನ್ನತಿ ಮಾಡಿದಳೆಂದು ವಿಮೋಚನಕಾಂಡ ಹೇಳುತ್ತದೆ. ಇಬ್ಬರಲ್ಲಿ ಯಾವ ಮಗ ಎಂದು ಹೇಳುವುದಿಲ್ಲ. ಅಂತೂ ತಂದೆಯ ದೇವರ ಗುರುತು ಆ ಮನೆಯ ಮಗನ ಮೈಮೇಲೆ ಬಿದ್ದದ್ದು ಮಿದ್ಯಾನಿನ ತಾಯಿಯ ಕೈಯಿಂದ.

ಮುಂದೆ ಇತ್ರೋನ ಮಗಳನ್ನೂ ಮೊಮ್ಮಕ್ಕಳನ್ನೂ ಮರುಭೂಮಿಯ ಪಾಳೆಯಕ್ಕೆ ಕರೆತರುತ್ತಾನೆ. ಮೋಶೆ ಎದುರುಗೊಂಡು ಮಾವನಿಗೆ ಅಡ್ಡಬಿದ್ದು ಮುದ್ದಿಡುತ್ತಾನೆ, ಕ್ಷೇಮ ವಿಚಾರಿಸುತ್ತಾನೆ. ಮಕ್ಕಳನ್ನು ಮಾತಾಡಿಸಿದನೇ? ಗ್ರಂಥದಲ್ಲಿ ಆ ಸಾಲಿಲ್ಲ. ಅರಣ್ಯಕಾಂಡದ 3ನೆಯ ಅಧ್ಯಾಯ ಆರೋನ ಮತ್ತು ಮೋಶೆಯ ವಂಶಾವಳಿ ಎಂದು ಆರಂಭವಾಗಿ ಆರೋನನ ಮಕ್ಕಳನ್ನು ಮಾತ್ರ ಹೆಸರಿಸುತ್ತದೆ. ಯಾಜಕತ್ವ ಅವರ ಪಾಲಾಯಿತು, ನಾಯಕತ್ವ ಯೆಹೋಶುವನ ಪಾಲಾಯಿತು. ಗೇರ್ಷೋಮನಿಗೆ ಹೆಸರೊಂದೇ ಉಳಿಯಿತು.

ಅವನ ಮನೆ ಮತ್ತೆ ಕಾಣಿಸಿಕೊಳ್ಳುವುದು ನ್ಯಾಯಸ್ಥಾಪಕರ ಪುಸ್ತಕದಲ್ಲಿ. ಬೇತ್ಲೆಹೇಮಿನಿಂದ ಹೊರಟ ಒಬ್ಬ ಲೇವಿಯ ತರುಣ, ವರ್ಷಕ್ಕೆ 10 ಬೆಳ್ಳಿ ನಾಣ್ಯ, ಬಟ್ಟೆ ಮತ್ತು ಊಟಕ್ಕೆ ಮೀಕ ಎಂಬುವನ ಮನೆಯ ವಿಗ್ರಹಗಳ ಪೂಜಾರಿಯಾಗುತ್ತಾನೆ. ನನಗೆ ತಂದೆಯಾಗಿರು ಎಂದು ಮೀಕ ಅವನನ್ನು ಕೇಳಿಕೊಳ್ಳುತ್ತಾನೆ. ದಾನ್ ಕುಲದ 600 ಆಳುಗಳು ಬಂದು, ಒಂದು ಮನೆಗಿಂತ ಒಂದು ಕುಲಕ್ಕೆ ಯಾಜಕನಾಗುವುದು ಮೇಲಲ್ಲವೇ ಎಂದಾಗ, ಖುಷಿಯಿಂದ ವಿಗ್ರಹಗಳನ್ನೆತ್ತಿಕೊಂಡು ಅವರ ಜೊತೆ ನಡೆಯುತ್ತಾನೆ. ಕಥೆಯ ಕೊನೆಗೆ ಅವನ ಹೆಸರು ಬಯಲಾಗುತ್ತದೆ: ಗೇರ್ಷೋಮನ ಮಗ ಯೋನಾತಾನ.

ಅಜ್ಜನ ಹೆಸರಿನ ಮೇಲೆ ಲಿಪಿಕಾರರ ಕೈ ತಡವರಿಸಿದೆ. ಹೀಬ್ರೂ ಪ್ರತಿಗಳಲ್ಲಿ ‘ಮೋಶೆ’ ಎಂಬುದರ ಅಕ್ಷರಗಳ ನಡುವೆ ಒಂದು ‘ನೂನ್’ ಅಕ್ಷರವನ್ನು ಸಾಲಿಗಿಂತ ಮೇಲೆ ತೂಗುಹಾಕಿದಂತೆ ಬರೆದಿದ್ದಾರೆ. ಆಗ ಅದು ‘ಮನಸ್ಸೆ’ ಎಂದಾಗುತ್ತದೆ. ಮೋಶೆಯ ಮಾನ ಕಾಯಲು ಹೀಗೆ ಮಾಡಿದರೆಂದು ಯೆಹೂದಿ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮುಚ್ಚಬೇಕೆಂದಿದ್ದರೆ ಪೂರ್ತಿ ಮುಚ್ಚಬಹುದಿತ್ತು. ಆದರೆ ಅಕ್ಷರ ಮೇಲೆಯೇ ತೂಗುತ್ತಿದೆ, ಕೆಳಗೆ ಮೋಶೆ ಕಾಣುತ್ತಲೇ ಇದ್ದಾನೆ.

ಪೂರ್ವಕಾಲವೃತ್ತಾಂತದಲ್ಲಿ ದಾವೀದನ ಕಾಲದ ಭಂಡಾರಗಳ ಮೇಲ್ವಿಚಾರಕನೊಬ್ಬ ಬರುತ್ತಾನೆ, ಗೇರ್ಷೋಮನ ಮಗ ಶೆಬೂವೇಲ್. ಅವನೇ ಈ ಯೋನಾತಾನ, ಮನಃಪೂರ್ವಕವಾಗಿ ದೇವರ ಕಡೆಗೆ ತಿರುಗಿದ್ದರಿಂದ ಆ ಹೆಸರು ಬಂತು ಎನ್ನುತ್ತದೆ ತಾಲ್ಮುಡ್. ಕಾಲದ ಲೆಕ್ಕಕ್ಕೆ ಇದು ಕೂಡಿಬರುವುದಿಲ್ಲ. ಆದರೂ ಗೇರ್ಷೋಮನ ಮನೆಯನ್ನು ದಾನ್ ಕುಲದ ವಿಗ್ರಹಗಳ ಮುಂದೆಯೇ ಬಿಟ್ಟುಬಿಡಲು ಆ ಪಂಡಿತರಿಗೆ ಮನಸ್ಸು ಬರಲಿಲ್ಲ. ಹಾಗೆಂದು ಅಜ್ಜನ ಪುಣ್ಯದಿಂದ ಅವನು ಪಾರಾದನೆಂದೂ ಅವರು ಹೇಳಲಿಲ್ಲ. ಮೋಶೆಯ ಮೊಮ್ಮಗನೂ ತಾನಾಗಿಯೇ ತಿರುಗಬೇಕಾಯಿತು.